ಬ್ಯಾಟರಿ ಬದಲಿಸುವ ಮುನ್ನ

ಮಳೆಗಾಲ ಹತ್ತಿರವಾಗುತ್ತಿದ್ದಂತೆ ನಾವು ಬೆಳೆಗಾರರೆಲ್ಲ ಮೈಲುತುತ್ತ, ಸುಣ್ಣ, ಕೊನೆಗಾರರ ಲೆಕ್ಕದಲ್ಲಿ ಮುಳುಗುತ್ತೇವೆ. ಕೊಳೆರೋಗ ಬರುವ ಮೊದಲೇ ಬೋರ್ಡೋ ದ್ರಾವಣ ಹೊಡೆಸಬೇಕು, ಕಾಯಿ ಉದುರತೊಡಗಿದ ಮೇಲೆ ಹೊಡೆಸಿದರೆ ಕೂಲಿಯೂ ಹೋಯಿತು, ಫಸಲೂ ಹೋಯಿತು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಂಗಳದಲ್ಲಿ ನಿಂತಿರುವ ಜೀಪು, ಪಿಕಪ್ಪು, ಕಾರುಗಳ ಬ್ಯಾಟರಿಯ ವಿಷಯಕ್ಕೆ ಬಂದಾಗ ಇದೇ ಜಾಣತನ ಎಲ್ಲಿಗೆ ಹೋಗುತ್ತದೆಯೋ ತಿಳಿಯದು. ಅದು ಕೈಕೊಟ್ಟ ದಿನವೇ ನಮಗೆ ಅದರ ನೆನಪಾಗುವುದು. ಅದು ಕೈಕೊಡುವುದೂ ಸಾಮಾನ್ಯವಾಗಿ ಆಷಾಢದ ಜಡಿಮಳೆಯಲ್ಲಿ, ಮರ ಬಿದ್ದು ಲೈನು ಹೋಗಿ, ಫೋನು ಸತ್ತು ಕುಳಿತಿರುವ ರಾತ್ರಿಯಲ್ಲಿ.

ಪಟ್ಟಣದವರಿಗೆ ಕಾರು ಸ್ಟಾರ್ಟ್ ಆಗದಿದ್ದರೆ ಆಟೋ ಇದೆ, ಬಸ್ಸು ಇದೆ. ನಮ್ಮಲ್ಲಿ ಸಂಜೆಯ ಕೊನೆಯ ಬಸ್ಸು ಹೋದ ಮೇಲೆ ಮನೆಯ ವಾಹನವೇ ಗತಿ. ಹೆರಿಗೆ ನೋವಾಗಲಿ, ಹಾವು ಕಚ್ಚಲಿ, ಲೈನಿನಲ್ಲಿರುವ ಕಾರ್ಮಿಕರ ಮಗುವಿಗೆ ಜ್ವರ ನೆತ್ತಿಗೇರಲಿ, ಬಾಗಿಲು ತಟ್ಟುವುದು ವಾಹನವಿರುವ ಮನೆಯನ್ನೇ. ಆದುದರಿಂದ ಬ್ಯಾಟರಿಯ ಮಾತು ಯಂತ್ರದ ಹುಚ್ಚಿರುವವರಿಗಷ್ಟೇ ಸೇರಿದ್ದೆಂದು ಪುಟ ತಿರುವಬಾರದೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.

ನಾವು ಹೇಳಬೇಕಾಗಿರುವುದು ಇಷ್ಟೇ: ಹೊಸ ಬ್ಯಾಟರಿಯ ಆಯ್ಕೆ ಪೇಟೆಯ ಅಂಗಡಿಯಲ್ಲಿ ಆರಂಭವಾಗಬಾರದು, ನಮ್ಮ ಮನೆಯ ಶೆಡ್ಡಿನಲ್ಲಿ ಆರಂಭವಾಗಬೇಕು. ಹಳೆಯದು ಏಕೆ ಸತ್ತಿತೆಂದು ತಿಳಿಯದೆ ಹೊಸದನ್ನು ಕೊಂಡವನು, ಅದು ಎಷ್ಟೇ ಬೆಲೆಯದಾಗಿರಲಿ, ಎರಡು ಮಳೆಗಾಲ ಕಳೆಯುವುದರೊಳಗೆ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ.

ನಿಂತಲ್ಲೇ ಕರಗುವ ಗಂಟು

ಸೀಸದ ಬ್ಯಾಟರಿ ಹಳೆಯ ವಸ್ತು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದದ್ದು. ಅಂದಿನಿಂದ ಇಂದಿನವರೆಗೆ ಅದರೊಳಗಿನ ತತ್ವ ಬದಲಾಗಿಲ್ಲ. ಸೀಸದ ತಟ್ಟೆ, ಸೀಸದ ಡೈಆಕ್ಸೈಡಿನ ತಟ್ಟೆ, ಅವೆರಡೂ ಮುಳುಗಿರುವ ಗಂಧಕಾಮ್ಲ. ಇಂಥ ಒಂದು ಕೋಶ ಎರಡು ವೋಲ್ಟಿಗಿಂತ ತುಸು ಹೆಚ್ಚು ಕೊಡುತ್ತದೆ. ಆರು ಕೋಶ ಸಾಲಾಗಿ ಸೇರಿದರೆ ನಮ್ಮ 12 ವೋಲ್ಟಿನ ಬ್ಯಾಟರಿ. ಕರೆಂಟು ಹೊರಗೆ ಹೋಗುವಾಗ ಎರಡೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕಟ್ಟುತ್ತದೆ. ಚಾರ್ಜು ಮಾಡಿದಾಗ ಅದು ಕರಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಹೀಗೆ ಸಾವಿರಾರು ಸಲ ಸ್ಟಾರ್ಟ್ ಮಾಡಬಹುದು.

ಆದರೆ ಒಂದು ಷರತ್ತಿದೆ. ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟ್ ಗಟ್ಟಿ ಹರಳುಗಟ್ಟುತ್ತದೆ. ಅಂಗಳದ ಕಲ್ಲಿನ ಮೇಲೆ ಒಣಗಿದ ಸುಣ್ಣದಂತೆ, ಮತ್ತೆ ಎಷ್ಟು ಚಾರ್ಜು ಮಾಡಿದರೂ ಅದು ಪೂರ್ತಿ ಬಿಡುವುದಿಲ್ಲ. ಅಷ್ಟು ತಟ್ಟೆ ಶಾಶ್ವತವಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ತೋಟದ ಊರುಗಳ ಬ್ಯಾಟರಿಗಳು ಸಾಯುವುದು ಬಹುಮಟ್ಟಿಗೆ ಹೀಗೆಯೇ. ನವೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಕೊಯ್ಲು, ಅಡಿಕೆ ಕೊಯ್ಲು ಎಂದು ಬಿಡುವಿಲ್ಲದೆ ಓಡುವ ಪಿಕಪ್ಪು ಜೂನ್ ಬಂದೊಡನೆ ಟಾರ್ಪಾಲು ಹೊದ್ದು ಮಲಗುತ್ತದೆ. ದುಡಿದು ಸತ್ತ ಬ್ಯಾಟರಿಗಿಂತ ಮಲಗಿ ಸತ್ತ ಬ್ಯಾಟರಿ ನಮ್ಮಲ್ಲಿ ಹೆಚ್ಚು.

ವಾಹನ ನಿಂತಿದ್ದರೆ ಬ್ಯಾಟರಿಗೆ ಏನು ಖರ್ಚು ಎಂದು ಕೇಳಬಹುದು. ಹಿಂದಿನ ಜೀಪಿಗೆ ಆ ಪ್ರಶ್ನೆ ಒಪ್ಪುತ್ತಿತ್ತು. ಕೀಲಿ ತೆಗೆದರೆ ಅದರೊಳಗೆ ಏನೂ ಎಚ್ಚರವಾಗಿರುತ್ತಿರಲಿಲ್ಲ. ಈಗಿನ ವಾಹನಗಳು ಹಾಗಲ್ಲ. ಗಡಿಯಾರ, ರಿಮೋಟ್ ಬೀಗ, ಕಳ್ಳಗಂಟೆ, ಎಂಜಿನ್ನಿನ ಕಂಪ್ಯೂಟರು, ಮೇಲೆ ನಾವೇ ಹಾಕಿಸಿಕೊಂಡ ಜಿ.ಪಿ.ಎಸ್. ಇವೆಲ್ಲ ರಾತ್ರಿ ಹಗಲು ಇಷ್ಟಿಷ್ಟು ಕರೆಂಟು ಹೀರುತ್ತಿರುತ್ತವೆ. ಎಲ್ಲ ಸೇರಿ 50 ಮಿಲಿ ಆಂಪಿಯರ್ ಎಂದಿಟ್ಟುಕೊಳ್ಳೋಣ. ಇದು ಸಣ್ಣ ಬಲ್ಬಿಗೂ ಸಾಲದ ಕರೆಂಟು. ಆದರೆ 24 ಗಂಟೆಗೆ ಗುಣಿಸಿದರೆ ದಿನಕ್ಕೆ 1.2 ಆಂಪಿಯರ್ ಗಂಟೆ. 30 ದಿನಕ್ಕೆ 36 ಆಂಪಿಯರ್ ಗಂಟೆ. ಸಣ್ಣ ಕಾರುಗಳ ಬ್ಯಾಟರಿಯ ಒಟ್ಟು ಗಂಟೇ 35ರಿಂದ 45 ಆಂಪಿಯರ್ ಗಂಟೆ. ಒಂದು ತಿಂಗಳ ಮಳೆಗೆ ಗಂಟು ಕರಗಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಹಿರಿಯರು ಹೇಳಿದ್ದು ಬ್ಯಾಟರಿಗೂ ಸಲ್ಲುತ್ತದೆ.

ಇದಕ್ಕೆ ಕೆಲವರು ಮಾಡುವ ಉಪಾಯ ಪ್ರತಿದಿನ ಬೆಳಿಗ್ಗೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದು. ಇದರಿಂದ ಮನಸ್ಸಿಗೆ ಸಮಾಧಾನವೇ ಹೊರತು ಬ್ಯಾಟರಿಗೆ ಅಷ್ಟಾಗಿ ಪ್ರಯೋಜನವಿಲ್ಲ. ನಿಂತಲ್ಲೇ ನಿಧಾನವಾಗಿ ತಿರುಗುವ ಎಂಜಿನ್ನಿನಲ್ಲಿ ಆಲ್ಟರ್ನೇಟರ್ ಕೊಡುವ ಕರೆಂಟು ಕಡಿಮೆ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯ ಮೇಲೆ ಓಡಿಸುವುದು ಮೇಲು. ಅದಕ್ಕೂ ಆಸ್ಪದವಿಲ್ಲದಿದ್ದರೆ ಹಳೆಯ ಮಾದರಿಯ ವಾಹನಗಳಲ್ಲಿ ನೆಗೆಟಿವ್ ತಂತಿಯನ್ನು ಕಳಚಿಡಬೇಕು. ಹೊಸ ಕಾರುಗಳಲ್ಲಿ ತಂತಿ ಕಳಚಿದರೆ ಕಿಟಕಿ, ರೇಡಿಯೋ ಮೊದಲಾದವು ಮರೆವಿಗೆ ಒಳಗಾಗಿ ಮತ್ತೆ ಹೊಂದಿಸಬೇಕಾಗುವುದುಂಟು. ಅಂಥವಕ್ಕೆ ಸಣ್ಣ ಚಾರ್ಜರ್ ಒಂದೇ ದಾರಿ.

ಸತ್ತಿತೋ, ಹಸಿದಿದೆಯೋ?

ಸ್ಟಾರ್ಟ್ ಆಗದ ವಾಹನದ ಬ್ಯಾಟರಿಯೆಲ್ಲ ಸತ್ತ ಬ್ಯಾಟರಿಯಲ್ಲ. ಒಲೆ ಉರಿಯದಿದ್ದರೆ ಸೌದೆ ಹಸಿಯೋ, ಊದುಕೊಳವೆ ಕಟ್ಟಿದೆಯೋ ಎಂದು ನೋಡುವುದಿಲ್ಲವೇ? ಹಾಗೆಯೇ ಇಲ್ಲಿಯೂ ನಾಲ್ಕು ಪರೀಕ್ಷೆಗಳುಂಟು. ಕೆಲವೇ ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಒಂದಿದ್ದರೆ ಹೈಸ್ಕೂಲಿಗೆ ಹೋಗುವ ಮಕ್ಕಳೂ ಇವುಗಳಲ್ಲಿ ಮೂರನ್ನು ಮಾಡಬಲ್ಲರು.

ಮೊದಲನೆಯದು ಕಣ್ಣಿನ ಪರೀಕ್ಷೆ. ಟರ್ಮಿನಲ್ಲುಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಕ್ಲಾಂಪು ಸಡಿಲವಾಗಿದ್ದರೆ ಒಳ್ಳೆಯ ಬ್ಯಾಟರಿಯೂ ಸ್ಟಾರ್ಟರಿಗೆ ಕರೆಂಟು ತಲುಪಿಸಲಾರದು. ನಮ್ಮ ತೇವದ ಹವೆಯಲ್ಲಿ ಇದು ತೀರ ಸಾಮಾನ್ಯ. ಬಿಸಿನೀರಿಗೆ ಅಡಿಗೆ ಸೋಡ ಬೆರೆಸಿ ತೊಳೆದು, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಹೊಸ ಬ್ಯಾಟರಿಯ ಖರ್ಚು ಎಷ್ಟೋ ಸಲ ತಪ್ಪುತ್ತದೆ. ಕಳಚುವಾಗ ಮೊದಲು ನೆಗೆಟಿವ್, ಕೂಡಿಸುವಾಗ ಕೊನೆಗೆ ನೆಗೆಟಿವ್ ಎಂಬ ನಿಯಮ ಮರೆಯಬಾರದು. ಬ್ಯಾಟರಿಯಿಂದ ಹೊರಡುವ ಜಲಜನಕ ಕಿಡಿ ತಾಗಿದರೆ ಸಿಡಿಯುತ್ತದೆ. ಬೀಡಿ ಸೇದುತ್ತಾ ಈ ಕೆಲಸಕ್ಕೆ ಬಗ್ಗುವವರನ್ನು ದೂರ ಕಳಿಸುವುದೇ ಕ್ಷೇಮ.

ಎರಡನೆಯದು ನಿಂತ ವೋಲ್ಟೇಜು. ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಳೆಯಬೇಕು. 12.6 ವೋಲ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೊಟ್ಟೆ ತುಂಬಿದೆ. 12.2 ಇದ್ದರೆ ಅರ್ಧ ಹೊಟ್ಟೆ. 12ಕ್ಕಿಂತ ಕೆಳಗಿದ್ದರೆ ಖಾಲಿ. ಖಾಲಿಯಾಗಿದ್ದರೆ ಕೂಡಲೇ ನಿಧಾನ ಚಾರ್ಜಿಗೆ ಹಾಕಬೇಕು. ಬ್ಯಾಟರಿಯ ಶಕ್ತಿಯ ಹತ್ತರಲ್ಲಿ ಒಂದು ಪಾಲಿನಷ್ಟು ಕರೆಂಟು ಕೊಡಬೇಕು. ಎಂದರೆ 40 ಆಂಪಿಯರ್ ಗಂಟೆಯದಕ್ಕೆ 4 ಆಂಪಿಯರ್, ಹತ್ತು ಹನ್ನೆರಡು ಗಂಟೆ. ಪೂರ್ತಿ ಚಾರ್ಜಿನ ನಂತರವೂ 10.5ರ ಸುಮಾರಿಗೇ ನಿಂತರೆ ಆರು ಕೋಶಗಳಲ್ಲಿ ಒಂದು ಹೋಗಿದೆ ಎಂದು ಅರ್ಥ. ಆಗ ಹೊಸದನ್ನೇ ನೋಡಬೇಕು.

ಮೂರನೆಯದು ಹೈಡ್ರೋಮೀಟರ್. ಮುಚ್ಚಳ ತೆಗೆಯಬಹುದಾದ ಬ್ಯಾಟರಿಗೆ ಇದರಷ್ಟು ಪ್ರಾಮಾಣಿಕ ಸಾಕ್ಷಿ ಬೇರೊಂದಿಲ್ಲ. ತುಂಬಿದ ಕೋಶ 1.260ರಿಂದ 1.280 ತೋರಿಸುತ್ತದೆ. ಎಲ್ಲ ಕೋಶಗಳೂ ಸಮನಾಗಿ ಕೆಳಗಿದ್ದರೆ ಬ್ಯಾಟರಿ ಹಸಿದಿದೆ ಅಷ್ಟೇ. ಐದು ಚೆನ್ನಾಗಿದ್ದು ಒಂದು ಮಾತ್ರ 50 ಅಂಕದಷ್ಟು ಕೆಳಗಿದ್ದರೆ ಆ ಕೋಶದ ಆಯುಸ್ಸು ಮುಗಿಯುತ್ತಾ ಬಂದಿದೆ. ಮೇಂಟೆನೆನ್ಸ್ ಬೇಡವೆಂದು ಮಾರುವ ಬ್ಯಾಟರಿಗಳ ಮೇಲಿನ ಹಸಿರು ಕಣ್ಣು ಕೂಡ ಹೈಡ್ರೋಮೀಟರೇ. ಆದರೆ ಅದು ಆರರಲ್ಲಿ ಒಂದೇ ಕೋಶವನ್ನು ನೋಡುವ ಒಕ್ಕಣ್ಣು. ಅದು ಹಸಿರಾಗಿದೆ ಎಂದು ಪೂರ್ತಿ ನಂಬಿ ಕೂರಬಾರದು.

ನಾಲ್ಕನೆಯದು, ಬಹಳ ಮಂದಿ ಬಿಟ್ಟುಬಿಡುವುದು, ಎಂಜಿನ್ ಓಡುತ್ತಿರುವಾಗಿನ ವೋಲ್ಟೇಜು. ಸಾಮಾನ್ಯವಾಗಿ ಅದು 13.8ರಿಂದ 14.4ರ ನಡುವೆ ಇರಬೇಕು. ಈಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಏರಿಳಿಸುವುದರಿಂದ ವಾಹನದ ಪುಸ್ತಕ ನೋಡಿ ತೀರ್ಮಾನಿಸಬೇಕು. ಹಳೆಯ ಜೀಪು, ಪಿಕಪ್ಪುಗಳಲ್ಲಿ ಇದು 13ರ ಆಸುಪಾಸಿನಲ್ಲೇ ನಿಂತರೆ ದೋಷ ಬೆಲ್ಟಿನದೋ ಆಲ್ಟರ್ನೇಟರಿನದೋ ಆಗಿರುತ್ತದೆ. 15 ದಾಟಿದರೆ ಬ್ಯಾಟರಿ ಕುದಿದು ನೀರು ಒಣಗುತ್ತದೆ. ಎರಡು ಸಂದರ್ಭದಲ್ಲೂ ಹೊಸ ಬ್ಯಾಟರಿ ಹಾಕುವುದೆಂದರೆ ತೂತು ಕೊಡಕ್ಕೆ ಮತ್ತೆ ನೀರು ಹೊಯ್ದಂತೆ. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಿಸಿ, ಎರಡನೆಯ ಸಲವೂ ಕಂಪನಿಯನ್ನು ಬೈದು, ಕೊನೆಗೆ ಬೆಲ್ಟು ಬಿಗಿದ ಮೇಲೆ ಸುಮ್ಮನಾದ ಪಿಕಪ್ಪುಗಳು ನಮ್ಮ ಕಡೆ ಒಂದೆರಡಲ್ಲ.

ಅಂಗಡಿಯಲ್ಲಿ ಕೇಳಬೇಕಾದ ಮಾತು

ಪರೀಕ್ಷೆಯೆಲ್ಲ ಮುಗಿದು, ಹೊಸದೇ ಬೇಕೆಂದು ಸಿದ್ಧವಾದ ಮೇಲೆ ಅಂಗಡಿಗೆ ಹೋಗೋಣ. ಅಲ್ಲಿ ನಮ್ಮವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ತಿಂಗಳ ಗ್ಯಾರಂಟಿ?’ ಎರಡನೆಯದು, ‘ಎಷ್ಟು ಕಡಿಮೆ ಮಾಡುತ್ತೀರಿ?’ ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಕೊನೆಗೆ ಬರಬೇಕಾದ ಪ್ರಶ್ನೆಗಳು.

ಮೊದಲು ಕೇಳಬೇಕಾದದ್ದು ಅಳತೆ. ವಾಹನದ ಜೊತೆ ಬಂದ ಪುಸ್ತಕದಲ್ಲಿ ಯಾವ ಅಳತೆಯ, ಎಷ್ಟು ಶಕ್ತಿಯ ಬ್ಯಾಟರಿ ಎಂದು ಬರೆದಿರುತ್ತದೆ. ಹಳೆಯ ಬ್ಯಾಟರಿಯ ಮೇಲೂ ಗುರುತು ಇರುತ್ತದೆ. ಉದಾಹರಣೆಗೆ 38ಬಿ20ಎಲ್ ಎಂದಿದ್ದರೆ ಅದು ಜಪಾನಿ ಪದ್ಧತಿಯ ಗುರುತು. ಅದರಲ್ಲಿ 20 ಎಂದರೆ ಬ್ಯಾಟರಿಯ ಉದ್ದ ಸುಮಾರು 20 ಸೆಂಟಿಮೀಟರ್. ಕೊನೆಯ ಅಕ್ಷರ ಟರ್ಮಿನಲ್ ಯಾವ ಬದಿಗಿದೆ ಎಂಬುದಕ್ಕೆ. ಎಲ್ ಬದಲು ಆರ್ ತಂದರೆ ತಂತಿ ಎಟುಕುವುದಿಲ್ಲ. ಎಳೆದು ತಲೆಕೆಳಗಾಗಿ ಕೊಟ್ಟರೆ ಎಲೆಕ್ಟ್ರಾನಿಕ್ ಭಾಗಗಳು ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಅಳತೆ ತುಸು ಚಿಕ್ಕದಾದರೂ ಕ್ಲಾಂಪು ಹಿಡಿಯದೆ ನಮ್ಮ ಘಾಟಿಯ ರಸ್ತೆಗಳಲ್ಲಿ ಕುಲುಕಿ ಕುಲುಕಿ ಒಳಗಿನ ತಟ್ಟೆ ಉದುರುತ್ತದೆ. ನಮ್ಮ ತೋಟದ ದಾರಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಶಕ್ತಿ. ಇದರಲ್ಲಿ ಎರಡು ಬಗೆಯ ಅಂಕಿಗಳಿವೆ. ಆಂಪಿಯರ್ ಗಂಟೆ ಎಂಬುದು ಕಣಜದ ಗಾತ್ರ. 60 ಆಂಪಿಯರ್ ಗಂಟೆ ಎಂದರೆ 3 ಆಂಪಿಯರಿನಂತೆ 20 ಗಂಟೆ ಕೊಡಬಲ್ಲದು. ಸಿ.ಸಿ.ಎ. ಎಂಬ ಇನ್ನೊಂದು ಅಂಕಿ, ಕೊರೆಯುವ ಚಳಿಯಲ್ಲಿ ಒಮ್ಮೆಲೇ ಎಷ್ಟು ಕರೆಂಟು ನೂಕಬಲ್ಲದು ಎಂಬುದರ ಲೆಕ್ಕ. ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡು ಅಳೆಯುವ ಈ ಅಂಕಿಯನ್ನು ನಮ್ಮ ಪುಷ್ಯಮಾಸದ ಚಳಿಗೆ ನೇರವಾಗಿ ಹೊಂದಿಸಬೇಕಾಗಿಲ್ಲ. ಆದರೂ ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಹೆಚ್ಚಾದ್ದರಿಂದ ತಿರುಗಿಸಲು ಹೆಚ್ಚು ನೂಕುಬಲ ಬೇಕು. ಪೆಟ್ರೋಲ್ ಕಾರಿನ ಬ್ಯಾಟರಿ ಅಗ್ಗಕ್ಕೆ ಸಿಕ್ಕಿತೆಂದು ಡೀಸೆಲ್ ಪಿಕಪ್ಪಿಗೆ ಇಳಿಸಬಾರದು.

ಹಾಗಾದರೆ ಪುಸ್ತಕ ಹೇಳಿದ್ದಕ್ಕಿಂತ ದೊಡ್ಡದನ್ನೇ ಹಾಕಿಸಿದರಾಯಿತಲ್ಲ ಎನ್ನುವವರಿದ್ದಾರೆ. ದೊಡ್ಡದರಿಂದ ಎಂಜಿನ್ ಹಾಳಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ; ಸ್ಟಾರ್ಟರು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಜಾಗ ಹಿಡಿಸುವುದಾದರೆ ಒಂದು ಮೆಟ್ಟಿಲು ದೊಡ್ಡದು ಅಡ್ಡಿಯಿಲ್ಲ. ಆದರೆ ತಿಂಗಳಲ್ಲಿ ನಾಲ್ಕು ದಿನ ಸೊಸೈಟಿಯವರೆಗೆ ಹೋಗಿಬರುವ ವಾಹನಕ್ಕೆ ದೊಡ್ಡ ಕಣಜ ಕೊಟ್ಟರೆ ಅದು ಎಂದೂ ತುಂಬುವುದಿಲ್ಲ. ತುಂಬದ ಕಣಜಕ್ಕೆ ಸಲ್ಫೇಟ್ ಎಂಬ ಹುಳ ಬೀಳುತ್ತದೆ. ನಿಂತು ಸಾಯುವ ರೋಗಕ್ಕೆ ದೊಡ್ಡ ಬ್ಯಾಟರಿ ಔಷಧಿಯಲ್ಲ.

ಮೂರನೆಯದು ಜಾತಿ. ಈಚೆಗೆ ಬರುತ್ತಿರುವ ಕೆಲವು ಕಾರುಗಳು ನಿಂತೊಡನೆ ತಾವಾಗಿಯೇ ಆರಿ, ಕ್ಲಚ್ ಒತ್ತಿದೊಡನೆ ಮತ್ತೆ ಚಾಲೂ ಆಗುತ್ತವೆ. ಇವಕ್ಕೆ ಇ.ಎಫ್.ಬಿ. ಅಥವಾ ಎ.ಜಿ.ಎಂ. ಎಂಬ ವಿಶೇಷ ಬ್ಯಾಟರಿ ಬೇಕು, ಬೆಲೆಯೂ ಹೆಚ್ಚು. ಬೆಲೆ ನೋಡಿ ಬೆಚ್ಚಿ ಸಾಧಾರಣದ್ದನ್ನು ಹಾಕಿಸಿದರೆ ಅದು ಬೇಗ ಸೋಲುತ್ತದೆ. ಹಾಗೆಯೇ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಬೇರೆ, ವಾಹನದ ಬ್ಯಾಟರಿ ಬೇರೆ. ವಾಹನದ್ದಕ್ಕೆ ತೆಳು ತಟ್ಟೆಗಳು ಹೆಚ್ಚು. ಕ್ಷಣಕಾಲ ನೂರಾರು ಆಂಪಿಯರ್ ಕೊಟ್ಟು ಕೂಡಲೇ ತುಂಬಿಕೊಳ್ಳುವುದು ಅದರ ಗುಣ. ಇನ್ವರ್ಟರಿನದ್ದಕ್ಕೆ ದಪ್ಪ ತಟ್ಟೆ. ನಿಧಾನವಾಗಿ ಆಳದವರೆಗೆ ಬರಿದಾಗಿ ಮತ್ತೆ ತುಂಬುವುದು ಅದರ ಗುಣ. ಆನೆ, ಕಾಡುಹಂದಿಗಳಿಗಾಗಿ ಹಾಕಿದ ಸೋಲಾರ್ ಬೇಲಿಯ ಯಂತ್ರಕ್ಕೆ ರಾತ್ರಿಯೆಲ್ಲ ಕಾರಿನ ಬ್ಯಾಟರಿ ಕಟ್ಟಿ, ಬೆಳಿಗ್ಗೆ ಕಾರಿಗೆ ಹಾಕುವ ಅಭ್ಯಾಸ ಕೆಲವೆಡೆ ಇದೆ. ಓಟದ ಕುದುರೆಯನ್ನು ಗಾಣಕ್ಕೆ ಕಟ್ಟಿದಂತೆ ಅದು. ಬೇಲಿಗೆ ಬೇಲಿಯ ಬ್ಯಾಟರಿಯನ್ನೇ ಕೊಳ್ಳಬೇಕು.

ನಾಲ್ಕನೆಯದು ತಾರೀಖು. ಬ್ಯಾಟರಿಯೂ ಬಿತ್ತನೆ ಬೀಜದಂತೆ. ಅಂಗಡಿಯ ಅಟ್ಟದಲ್ಲಿ ಕುಳಿತಷ್ಟೂ ಸತ್ವ ಕುಂದುತ್ತದೆ. ತಯಾರಾದ ತಿಂಗಳು ಮತ್ತು ವರ್ಷ ಅದರ ಮೇಲೆ ಎಲ್ಲಾದರೂ ಇರುತ್ತದೆ. ಕೆಲವು ಕಂಪನಿಗಳು ನೇರವಾಗಿ ಅಚ್ಚು ಹಾಕಿದರೆ ಕೆಲವು ಗುಪ್ತಾಕ್ಷರದಲ್ಲಿ ಹಾಕುತ್ತವೆ. ಗುಪ್ತಾಕ್ಷರವಿದ್ದರೆ ಬಿಡಿಸಿ ಹೇಳಿ ಎಂದು ಅಂಗಡಿಯವರನ್ನು ಕೇಳುವುದಕ್ಕೆ ಸಂಕೋಚ ಬೇಡ. ಮೂರು ತಿಂಗಳೊಳಗಿನದಾದರೆ ಸಂತೋಷ. ಆರು ತಿಂಗಳು ದಾಟಿದ್ದರೆ ಬೇರೆ ಕೊಡಿ ಎನ್ನಬೇಕು. ಬೆಲೆ ಇಳಿಸಿಕೊಡುತ್ತೇನೆ ಎಂದು ಮುಂದಿಡುವ ಪೆಟ್ಟಿಗೆಯ ತಾರೀಖನ್ನು ಎರಡು ಸಲ ಓದಬೇಕು. ಎಷ್ಟು ದೊಡ್ಡ ಹೆಸರಿನ ಕಂಪನಿಯೇ ಆಗಲಿ, ಹಳಸಿದ ಸರಕು ಹಳಸಿದ್ದೇ. ಇದೇ ಕಾರಣಕ್ಕೆ ಹೆಸರಿಗಿಂತ ಹೆಚ್ಚಾಗಿ ಸರಕು ಬೇಗ ಬೇಗ ಖರ್ಚಾಗುವ ಅಂಗಡಿಯನ್ನು ಆರಿಸಿಕೊಳ್ಳುವುದು ಲೇಸು. ಎಕ್ಸೈಡ್ ಮೇಲೋ ಅಮರಾನ್ ಮೇಲೋ ಎಂದು ಸೊಸೈಟಿಯ ಜಗಲಿಯಲ್ಲಿ ನಡೆಯುವ ವಾದ ಮುಗಿಯುವಂಥದ್ದಲ್ಲ. ಅದರಲ್ಲಿ ನಾವು ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಕೊನೆಗೆ ಗ್ಯಾರಂಟಿ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಎರಡು ತುಂಡುಗಳಿಂದ ಆಗಿರುವುದೇ ಹೆಚ್ಚು. ಮೊದಲ ತುಂಡಿನ ಅವಧಿಯಲ್ಲಿ ಕೆಟ್ಟರೆ ಪೂರ್ತಿ ಬದಲಿ. ಎರಡನೆಯ ತುಂಡಿನಲ್ಲಿ ಕೆಟ್ಟರೆ ಹೊಸ ಬ್ಯಾಟರಿಯ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಮಾತ್ರ. ತಿಂಗಳು ಕಳೆದಂತೆ ಅದೂ ಕರಗುತ್ತದೆ. ಆದುದರಿಂದ ಹೋಲಿಸಬೇಕಾದದ್ದು ಮೊದಲ ತುಂಡನ್ನು. ತಾರೀಖು, ವಾಹನದ ನಂಬರು, ಅಂಗಡಿಯ ಮೊಹರು ಇರುವ ಕಾರ್ಡು ಮತ್ತು ಬಿಲ್ಲು ಇಲ್ಲದಿದ್ದರೆ ಈ ಮಾತೆಲ್ಲ ಗಾಳಿಗೆ. ಬಿಲ್ಲಿಲ್ಲದೆ ನೂರಿನ್ನೂರು ಉಳಿಸಿದವರು ಕೆಟ್ಟ ದಿನ ಸಾವಿರಾರು ಕಳೆದುಕೊಳ್ಳುತ್ತಾರೆ.

ಕೊಂಡ ಮೇಲಿನ ಆರೈಕೆಯ ಬಗೆಗೆ ಎರಡು ಮಾತು. ಮುಚ್ಚಳ ತೆಗೆಯುವ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ನಮ್ಮ ಬಾವಿಯ ನೀರು ಕುಡಿಯಲು ಅಮೃತವಾಗಿರಬಹುದು, ಆದರೆ ಅದರಲ್ಲಿರುವ ಲವಣ ತಟ್ಟೆಗೆ ವಿಷ. ಮಟ್ಟ ಇಳಿದಾಗ ಆಸಿಡ್ ಹಾಕುವುದು ಇನ್ನೂ ದೊಡ್ಡ ತಪ್ಪು. ಆವಿಯಾಗಿ ಹೋಗುವುದು ನೀರೇ ಹೊರತು ಆಸಿಡ್ ಅಲ್ಲ.

ಹಳೆಯದರ ಗತಿ

ಇನ್ನು ನಮ್ಮ ಮನಸ್ಸಿಗೆ ಬಹಳ ತಾಗಿರುವ ವಿಷಯ. ಹೊಸದು ಬಂದ ಮೇಲೆ ಹಳೆಯದನ್ನು ಏನು ಮಾಡುತ್ತೇವೆ? ಒಂದು ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸಾಧಾರಣ ಕಾರಿನ ಬ್ಯಾಟರಿಯಲ್ಲಿ ಎಂಟು ಹತ್ತು ಕಿಲೋ ಸೀಸವಿದ್ದೀತು. ಅಂಗಡಿಯವನು ಹಳೆಯದನ್ನು ತೆಗೆದುಕೊಂಡು ಬೆಲೆಯಲ್ಲಿ ಇಷ್ಟು ಕಳೆಯುತ್ತೇನೆ ಎನ್ನುತ್ತಾನೆ. ಗುಜರಿಯವನು ಮನೆ ಬಾಗಿಲಿಗೇ ಬಂದು ಅದಕ್ಕಿಂತ ಸ್ವಲ್ಪ ಹೆಚ್ಚು ಕೊಡುತ್ತೇನೆ ಎನ್ನುತ್ತಾನೆ. ಆ ಸ್ವಲ್ಪಕ್ಕೆ ನಮ್ಮಲ್ಲಿ ಅನೇಕರು ಕೈಚಾಚುತ್ತೇವೆ.

ಅವನಿಗೆ ಹೆಚ್ಚು ಕೊಡಲು ಹೇಗೆ ಸಾಧ್ಯವಾಗುತ್ತದೆ ಎಂದು ಯೋಚಿಸಿ ನೋಡಬೇಕು. ಸಾಗಾಟದ ಭಾರ ಇಳಿಸಲು ಆಸಿಡ್ಡನ್ನು ಹಳ್ಳದ ಬದಿಯಲ್ಲೋ ರಸ್ತೆಯ ಚರಂಡಿಯಲ್ಲೋ ಚೆಲ್ಲುವುದುಂಟು. ಮುಂದೆ ಅದು ಲೈಸೆನ್ಸಿಲ್ಲದ ಯಾವುದೋ ಶೆಡ್ಡಿಗೆ ಸೇರಿ, ಅಲ್ಲಿ ಕೊಡಲಿಯಿಂದ ಒಡೆದು, ಬಯಲಿನಲ್ಲೇ ಸೀಸ ಕರಗಿಸುವುದುಂಟು. ಶುದ್ಧೀಕರಣದ ಖರ್ಚಿಲ್ಲದ ಕಡೆ ಬೆಲೆ ಹೆಚ್ಚು ಕೊಡುವುದೇನು ದೊಡ್ಡದಲ್ಲ. ಆ ಖರ್ಚನ್ನು ಬೇರೆ ಯಾರೋ ತೆರುತ್ತಾರೆ. ಆಸಿಡ್ಡಿನೊಂದಿಗೆ ಹೋದ ಸೀಸ ಮಣ್ಣಿನಲ್ಲಿ ಉಳಿಯುತ್ತದೆ. ಅದು ಕೊಳೆಯುವುದಿಲ್ಲ, ಕರಗಿ ಇಲ್ಲವಾಗುವುದಿಲ್ಲ. ದೊಡ್ಡವರಿಗಿಂತ ಮಕ್ಕಳ ದೇಹ ಸೀಸವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳೆಯುವ ಮೆದುಳಿಗೆ ಅದು ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ಇಷ್ಟಾದರೆ ಅಪಾಯವಿಲ್ಲ ಎಂದು ಹೇಳಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯುನಿಸೆಫ್ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪ್ರಪಂಚದ ಮೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿನ ರಕ್ತದಲ್ಲಿ ಕಳವಳಪಡುವಷ್ಟು ಸೀಸವಿದೆ. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದು ಅದು ಹೆಸರಿಸಿರುವುದು ಹೀಗೆ ಬೇಕಾಬಿಟ್ಟಿ ಒಡೆಯುವ ಬ್ಯಾಟರಿಗಳನ್ನು.

ನಮ್ಮ ಹಳ್ಳದ ನೀರು ತೋಟಕ್ಕೂ ಹೋಗುತ್ತದೆ, ದನಕ್ಕೂ ಹೋಗುತ್ತದೆ, ಕೆಳಗಿನ ಊರಿನ ಕೊಡಕ್ಕೂ ಹೋಗುತ್ತದೆ. ತೋಟದಲ್ಲಿ ಕಳೆನಾಶಕದ ಡಬ್ಬಿಯನ್ನು ಹಳ್ಳದಲ್ಲಿ ತೊಳೆದರೆ ಆಳಿನ ಮೇಲೆ ರೇಗುವ ನಾವು, ಬ್ಯಾಟರಿಯನ್ನು ಕಣ್ಮುಚ್ಚಿ ಕೊಟ್ಟು ಕಳಿಸುವುದು ಯಾವ ನ್ಯಾಯ?

ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೊದಲಿದ್ದ 2001ರ ನಿಯಮಗಳ ಬದಲಿಗೆ ಕೇಂದ್ರ ಸರ್ಕಾರ 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ಹೊಸ ನಿಯಮಗಳನ್ನು ತಂದಿತು. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಸೇರಿಸುವ ಹೊಣೆ ತಯಾರಕರ ಮೇಲಿದೆ. ಬಳಕೆದಾರರ ಮೇಲಿರುವ ಹೊಣೆಯೂ ಒಂದುಂಟು: ಬೇರೆ ಕಸದೊಡನೆ ಸೇರಿಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೇ ಅದನ್ನು ಒಪ್ಪಿಸಬೇಕು. ಸರಿಯಾದ ಕಾರ್ಖಾನೆಗೆ ಹೋದ ಸೀಸವನ್ನು ಮತ್ತೆ ಮತ್ತೆ ಕರಗಿಸಿ ಹೊಸ ಬ್ಯಾಟರಿಗೇ ಬಳಸಬಹುದು. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಟ್ಟು, ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳುವುದು ನಮಗಿರುವ ಸುಲಭ ದಾರಿ. ಆದುದರಿಂದ ಹಳೆಯದನ್ನು ಸರಿಯಾಗಿ ತೆಗೆದುಕೊಂಡು ರಸೀದಿ ಕೊಡುವ ಅಂಗಡಿಯನ್ನು ಆರಿಸುವುದೂ ಬ್ಯಾಟರಿಯ ಆಯ್ಕೆಯ ಒಂದು ಭಾಗವೆಂದೇ ನಾವು ತಿಳಿಯುತ್ತೇವೆ.

ಸಂಘ ಮಾಡಬಹುದಾದದ್ದು

ಒಬ್ಬೊಬ್ಬ ಸಣ್ಣ ಬೆಳೆಗಾರನೂ ಹೈಡ್ರೋಮೀಟರು, ಲೋಡ್ ಟೆಸ್ಟರು, ಚಾರ್ಜರುಗಳನ್ನು ಕೊಂಡಿಡಬೇಕೆಂದು ಹೇಳುವುದು ಸರಿಯಲ್ಲ. ತೇವ ಅಳೆಯುವ ಯಂತ್ರವನ್ನಾಗಲಿ ದೊಡ್ಡ ತಕ್ಕಡಿಯನ್ನಾಗಲಿ ನಾವು ಒಬ್ಬೊಬ್ಬರೇ ಕೊಳ್ಳಲಿಲ್ಲ. ಸಂಘದಲ್ಲಿಟ್ಟು ಎಲ್ಲರೂ ಬಳಸಿದೆವು. ಇದಕ್ಕೂ ಅದೇ ದಾರಿ ಸಾಕು. ಪ್ರತಿ ವರ್ಷ ಮೇ ತಿಂಗಳಲ್ಲಿ, ಮೈಲುತುತ್ತದ ವಿತರಣೆಗೆ ಎಲ್ಲರೂ ಹೇಗೂ ವಾಹನ ತರುವ ದಿನಗಳಲ್ಲಿ, ಗೋದಾಮಿನ ಮುಂದೆ ಬ್ಯಾಟರಿ ಪರೀಕ್ಷೆಗೆ ಏರ್ಪಾಡು ಮಾಡಬೇಕೆಂಬುದು ನಮ್ಮ ಸಲಹೆ. ಒಂದು ವಾಹನಕ್ಕೆ ಹತ್ತು ನಿಮಿಷ ಸಾಕು. ಹಸಿದವಕ್ಕೆ ಚಾರ್ಜು, ಪುಡಿ ಹಿಡಿದವಕ್ಕೆ ತೊಳೆತ, ಬೆಲ್ಟು ಸಡಿಲವಾದವಕ್ಕೆ ಮೆಕ್ಯಾನಿಕ್ಕಿನ ವಿಳಾಸ. ನಿಜವಾಗಿ ಸತ್ತವನ್ನು ಒಟ್ಟುಗೂಡಿಸಿ, ತೂಕ ಮಾಡಿ, ರಸೀದಿ ಪಡೆದು ಅಧಿಕೃತ ಸಂಗ್ರಹಣೆಗೆ ಒಪ್ಪಿಸಬಹುದು. ಹತ್ತಿಪ್ಪತ್ತು ಬ್ಯಾಟರಿ ಒಟ್ಟಿಗೆ ಬೇಕೆಂದು ಕೇಳಿದರೆ ಅಂಗಡಿಯವರು ತಾಜಾ ಸರಕನ್ನೇ ತರಿಸಿಕೊಡುತ್ತಾರೆ. ಒಬ್ಬೊಬ್ಬರಾಗಿ ಚೌಕಾಸಿ ಮಾಡುವ ಶ್ರಮವೂ ಉಳಿಯುತ್ತದೆ. ಗುಜರಿಯವನು ಕೊಡುವ ಹೆಚ್ಚಿನ ಬೆಲೆಗೆ ಹೀಗೆ ಒಟ್ಟಾಗಿ ಉತ್ತರ ಕೊಟ್ಟರೆ ಮಾತ್ರ ಉಪದೇಶಕ್ಕೆ ಬೆಲೆ ಬಂದೀತು.

ಸಂಘ ಗೊಬ್ಬರ ಮಾರಲಿ, ಅಡಿಕೆ ಕೊಳ್ಳಲಿ, ಬ್ಯಾಟರಿಯ ಉಸಾಬರಿ ಯಾಕೆ ಎಂದು ಒಬ್ಬಿಬ್ಬರು ಕೇಳಬಹುದು. ನಮ್ಮ ಉತ್ತರ ಸರಳ. ಮಳೆಗಾಲದ ರಾತ್ರಿ ಸ್ಟಾರ್ಟ್ ಆಗದ ಜೀಪು ಒಬ್ಬರ ಮನೆಯದಾದರೂ ಅದಕ್ಕಾಗಿ ಕಾದು ಕೂರುವುದು ಇಡೀ ಕೇರಿ. ಹಳ್ಳಕ್ಕೆ ಚೆಲ್ಲಿದ ಆಸಿಡ್ ಒಬ್ಬರ ಬ್ಯಾಟರಿಯದಾದರೂ ನೀರು ಎಲ್ಲರದು. ಸಹಕಾರಕ್ಕೆ ಇದಕ್ಕಿಂತ ತಕ್ಕ ಕೆಲಸ ಯಾವುದಿದೆ?

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಬೇಡ. ಈ ಸಲಹೆಯನ್ನು ಮುಂದಿನ ಸಭೆಯ ಮುಂದಿಡುತ್ತಿದ್ದೇವೆ. ಸದಸ್ಯರು ತಮ್ಮ ವಾಹನದ ಮಾದರಿ, ಈಗಿರುವ ಬ್ಯಾಟರಿಯ ಗುರುತು, ಕೊಂಡ ತಿಂಗಳು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಚೇರಿಗೆ ತಲುಪಿಸಿದರೆ ಎಷ್ಟು ಸಾಮಗ್ರಿ ಬೇಕೆಂಬ ಅಂದಾಜು ಸಿಗುತ್ತದೆ. ಚೀಟಿ ಬರೆಯಲು ಹೇಗೂ ಬಾನೆಟ್ಟು ಎತ್ತಲೇಬೇಕು. ಎತ್ತಿದಾಗ ಟರ್ಮಿನಲ್ಲಿನ ಮೇಲಿನ ಪುಡಿಯನ್ನು ಒರೆಸಿ, ಕ್ಲಾಂಪನ್ನು ಒಮ್ಮೆ ಅಲುಗಿಸಿ ನೋಡುವುದನ್ನು ಮರೆಯಬೇಡಿ.